ಭಾರ ಹೊರುವ ಗಾಳಿ

ಪೆರುಂಗುಡಿಯಿಂದ ನಾವು ರಜೆಗೆಂದು ಬೆಂಗಳೂರಿಗೆ ಹೊರಟಾಗ, ಕಾರಿನ ಭಾರವನ್ನು ಹೊರುವುದು ಟೈರಿನ ರಬ್ಬರಿಗಿಂತ ಹೆಚ್ಚಾಗಿ ಅದರೊಳಗಿನ ಗಾಳಿ. ಈ ಉಪಾಯಕ್ಕೆ 1845ರಲ್ಲಿಯೇ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ಆಗಿನ್ನೂ ಕಾರುಗಳಿರಲಿಲ್ಲ, ಅದು ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಮಾಡಿದ ಇಂಥದೇ ಟೈರಿಗೆ ಪೇಟೆಂಟ್ ಪಡೆದರು. ಥಾಮ್ಸನ್ನರ ದಾಖಲೆ ಬೆಳಕಿಗೆ ಬಂದು ಆ ಹಕ್ಕು ಬಿದ್ದುಹೋದರೂ ಡನ್‌ಲಪ್ಪರ ಹೆಸರೇ ಉಳಿಯಿತು. ನಮ್ಮ ಚೆನ್ನೈಯ ಎಂ.ಆರ್.ಎಫ್. ಸಂಸ್ಥೆಯೂ 1946ರಲ್ಲಿ ಆರಂಭವಾದದ್ದು ಗಾಳಿ ತುಂಬುವ ಆಟದ ಬಲೂನುಗಳಿಂದಲೇ.

ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗಿ, ಕಾದು, ಹೆದ್ದಾರಿಯ ವೇಗದಲ್ಲಿ ಒಡೆಯಬಹುದು. ಆದುದರಿಂದ ಪ್ರಯಾಣಕ್ಕೆ ಮುನ್ನ, ಟೈರು ತಣ್ಣಗಿರುವಾಗಲೇ, ಗಾಳಿಯ ಒತ್ತಡವನ್ನು ಪರೀಕ್ಷಿಸಿಕೊಳ್ಳೋಣ.