ಬ್ಯಾರಿಕೇಡಿನ ಆಚೆ ಬೋನಾಲು

ಸಿಕಂದರಾಬಾದಿನ ಜನರಲ್ ಬಜಾರ್ ಕಡೆಗೆ ಆಷಾಢದ ಆ ಒಂದು ಭಾನುವಾರ ಕ್ಯಾರವಾನ್ ತಿರುಗಿಸಿದವರು ಹೆಚ್ಚು ದೂರ ಹೋಗಲಾರರು. ಮೊದಲು ಎದುರಾಗುವುದು ಪೊಲೀಸರ ಬ್ಯಾರಿಕೇಡು. ಅದರಾಚೆ ಬೀದಿಯುದ್ದಕ್ಕೂ ಬೇವಿನ ತೋರಣ, ತೋರಣದ ಕೆಳಗೆ ತಲೆಯ ಮೇಲೆ ಗಡಿಗೆ ಹೊತ್ತ ಹೆಂಗಸರ ಸಾಲು, ಗಡಿಗೆಗಳ ಮೇಲೆ ಉರಿಯುವ ದೀಪ. ಮೈಗೆಲ್ಲ ಅರಿಸಿನ ಬಳಿದುಕೊಂಡ ಗಂಡಸೊಬ್ಬ ಸೊಂಟಕ್ಕೆ ಬೇವಿನ ಸೊಪ್ಪು ಸುತ್ತಿ, ಕಾಲಿಗೆ ಗೆಜ್ಜೆ ಕಟ್ಟಿ, ಚಾಟಿ ಬೀಸುತ್ತ ತಮಟೆಯ ಏಟಿಗೆ ಕುಣಿಯುತ್ತಿರುತ್ತಾನೆ. ಮೊಬೈಲಿನ ಮ್ಯಾಪು ಮಾತ್ರ ಇನ್ನೂ ನೇರ ಹೋಗಿ ಎಂದೇ ಹೇಳುತ್ತಿರುತ್ತದೆ.

ಬೆಂಗಳೂರಿನಿಂದ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟವರಿಗೆ ಹೈದರಾಬಾದ್ ಬಹಳ ಸಲ ಬರೀ ರಾತ್ರಿ ತಂಗುವ ಊರು. ಬಾಗೇಪಲ್ಲಿ, ಅನಂತಪುರ, ಕರ್ನೂಲು ದಾಟಿ ಐನೂರಕ್ಕೂ ಹೆಚ್ಚು ಕಿಲೋಮೀಟರು ಬಂದ ಮೇಲೆ ಚಾಲಕನಿಗೂ ದಣಿವು, ಮಕ್ಕಳಿಗೂ ಬೇಸರ. ಊರನ್ನು ಮುಟ್ಟದೆ ಸುತ್ತಿ ಹೋಗಲು 158 ಕಿಲೋಮೀಟರಿನ ಔಟರ್ ರಿಂಗ್ ರೋಡ್ ಇದೆ. ಬಿರಿಯಾನಿಯ ಆಸೆಗೋ ಚಾರ್‌ಮಿನಾರ್ ನೋಡುವ ನೆಪಕ್ಕೋ ಅದನ್ನು ಬಿಟ್ಟು ಒಳಗೆ ನುಗ್ಗಿದವರೇ ಹೀಗೆ ಸಿಕ್ಕಿಕೊಳ್ಳುವುದು. ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ 65ನೇ ಹೆದ್ದಾರಿಯಲ್ಲಿ ಬರುವ ಕಲಬುರಗಿ, ಬೀದರ್ ಕಡೆಯವರು ಇಷ್ಟು ಸುಲಭಕ್ಕೆ ಬೆಚ್ಚಿಬೀಳುವುದಿಲ್ಲ. ಅವರ ಜಿಲ್ಲೆಗಳು ನಿಜಾಮರ ಕಾಲದಿಂದ 1956ರ ನವೆಂಬರ್ 1ರವರೆಗೆ ಹೈದರಾಬಾದಿಗೇ ಸೇರಿದ್ದವು. ಆ ಕಡೆಯ ಹಳೆಯ ತಲೆಮಾರಿಗೆ ಬೋನಾಲು ರಾಜಧಾನಿಯ ಹಬ್ಬ.

ಕ್ಯಾರವಾನ್ ಎಂದರೆ ನಮ್ಮಲ್ಲಿ ಇನ್ನೂ ಸಿನಿಮಾ ಶೂಟಿಂಗಿನ ಮಾತು. ನಟರು ಬಣ್ಣ ಹಚ್ಚಿಕೊಳ್ಳುವ, ಬಿಸಿಲಿಗೆ ತಲೆಮರೆಸಿಕೊಳ್ಳುವ ತಂಪು ಗಾಡಿ. ಪ್ರವಾಸಕ್ಕೆಂದು ಬಾಡಿಗೆಗೆ ಸಿಗುವುದು ಇದರ ಚಿಕ್ಕ ತಂಗಿ: ಟೆಂಪೊ ಟ್ರಾವೆಲರಿನ ಸೀಟು ಕಳಚಿ ಮೂರು ನಾಲ್ಕು ಮಂಚ, ಒಂದು ಒಲೆ, ನೀರಿನ ಟ್ಯಾಂಕು, ಮೊಣಕೈ ತಾಗುವಷ್ಟು ಇಕ್ಕಟ್ಟಿನ ಶೌಚಾಲಯ ಕೂರಿಸಿದ್ದು. ಕೇರಳ 2021ರಲ್ಲಿ ಇದಕ್ಕೆಂದೇ ಯೋಜನೆ ತಂದು ಕ್ಯಾರವಾನ್ ಪಾರ್ಕುಗಳ ಮಾತಾಡಿತು. ಉಳಿದ ಕಡೆ ಪೆಟ್ರೋಲ್ ಬಂಕಿನ ಅಂಚು, ಡಾಬಾದ ಹಿತ್ತಿಲು, ಒಪ್ಪಿದರೆ ಯಾವುದಾದರೂ ಹೋಟೆಲಿನ ಅಂಗಳವೇ ಗತಿ.

ಈ ಅನನುಕೂಲವೇ ಬೋನಾಲಿನ ದಿನ ಉಪಕಾರಕ್ಕೆ ಬರುತ್ತದೆ. ರೈಲಿನವರಿಗೆ ವಾಪಸು ಟಿಕೆಟ್ಟಿನ ಚಿಂತೆ, ಲಾಡ್ಜಿನವರಿಗೆ ರೂಮು ಖಾಲಿ ಮಾಡುವ ಚಿಂತೆ. ಮಂಚವನ್ನೇ ಕಟ್ಟಿಕೊಂಡು ಬಂದವರು ದಾರಿ ಬಂದ್ ಆದರೆ ಒಂದು ಬದಿಗೆ ಗಾಡಿ ನಿಲ್ಲಿಸಿ ಮಾರನೆಯ ದಿನವೂ ಉಳಿಯಬಹುದು. ಬೋನಾಲು ನೋಡಿ ಬಂದೆವು ಎನ್ನುವ ಹೊರಗಿನವರಲ್ಲಿ ಬಹಳ ಮಂದಿ ನೋಡಿರುವುದು ಭಾನುವಾರವನ್ನಷ್ಟೇ. ಹಬ್ಬದ ಕುತೂಹಲವಿರುವುದು ಸೋಮವಾರದಲ್ಲಿ.

ಭಾನುವಾರದ ಕಥೆ ಸರಳ. ಹೊಸ ಮಣ್ಣಿನ ಗಡಿಗೆಯಲ್ಲೋ ಹಿತ್ತಾಳೆಯ ಪಾತ್ರೆಯಲ್ಲೋ ಹಾಲು, ಬೆಲ್ಲ ಹಾಕಿ ಅನ್ನ ಬೇಯಿಸಿ, ಗಡಿಗೆಗೆ ಅರಿಸಿನ ಕುಂಕುಮ ಹಚ್ಚಿ, ಬೇವಿನ ಸೊಪ್ಪು ಸುತ್ತಿ, ಮೇಲೊಂದು ದೀಪವಿಟ್ಟು ಅಮ್ಮನವರಿಗೆ ಒಯ್ಯುತ್ತಾರೆ. ಅದೇ ಬೋನಂ. ಬಹುವಚನದಲ್ಲಿ ಬೋನಾಲು. ಭೋಜನದಿಂದ ಬಂದ ಪದ. ಕನ್ನಡಿಗರು ಇದಕ್ಕೆ ಅರ್ಥ ಕೇಳಬೇಕಾಗಿಲ್ಲ, ದೇವರಿಗೆ ಇಡುವ ಎಡೆಗೆ ನಮ್ಮಲ್ಲೂ ‘ಬೋನ’ ಎಂಬ ಹಳೆಯ ಮಾತಿದೆ. ಬೋನ ಹೊತ್ತವಳ ಮೈಮೇಲೆ ಅಮ್ಮನೇ ಬಂದಿರುತ್ತಾಳೆಂಬ ನಂಬಿಕೆಯಿಂದ, ಅವಳ ಉಗ್ರತೆ ತಣಿಯಲೆಂದು ದಾರಿಯಲ್ಲಿ ನಿಂತವರು ಕಾಲಿಗೆ ನೀರು ಸುರಿಯುತ್ತಾರೆ. ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಕಟ್ಟಿದ ತೊಟ್ಟೆಲಗಳು ಹಿಂದೆಯೇ ಬರುತ್ತವೆ. ಹತ್ತು ಅಡಿ ಎತ್ತರದ ಗಾಡಿಯವರು ಈ ಬೀದಿಗೆ ಇಳಿಯದಿರುವುದೇ ಎಲ್ಲರಿಗೂ ಕ್ಷೇಮ.

ಚಾಟಿ ಹಿಡಿದು ಕುಣಿಯುವವನು ಪೋತರಾಜು, ಅಮ್ಮನ ತಮ್ಮ. ಅಕ್ಕನ ಮೆರವಣಿಗೆಗೆ ದಾರಿ ಬಿಡಿಸುವುದು ಅವನ ಕೆಲಸ. ನಮ್ಮ ದ್ಯಾಮವ್ವ, ದುರ್ಗವ್ವನ ಜಾತ್ರೆಗಳ ಪೋತರಾಜನನ್ನು ಕಂಡವರಿಗೆ ಇವನು ಹೊಸಬನಲ್ಲ. ಹೊಸದೆನಿಸುವುದು ಅವನ ಹಿಂದಿನ ತೀನ್‌ಮಾರ್ ಬಡಿತ. ಹೈದರಾಬಾದಿನ ಮದುವೆ, ಗಣಪತಿ, ಚುನಾವಣೆ ಯಾವುದೂ ಈ ಬಡಿತವಿಲ್ಲದೆ ಮುಗಿಯುವುದಿಲ್ಲ.

ಹಬ್ಬ ಒಂದು ಗುಡಿಯದ್ದಲ್ಲ, ಒಂದು ದಿನದ್ದೂ ಅಲ್ಲ. ಆಷಾಢದ ಮೊದಲ ವಾರ ಗೋಲ್ಕೊಂಡ ಕೋಟೆಯ ಜಗದಂಬಿಕೆಗೆ ಮೊದಲ ಬೋನ. ಲಂಗರ್‌ಹೌಸ್‌ನಿಂದ ಹೊರಟ ಮೆರವಣಿಗೆ ಕೋಟೆಯ ಮೆಟ್ಟಿಲು ಹತ್ತುತ್ತದೆ. ಆಮೇಲೆ ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿ, ಅದರ ಮುಂದಿನ ಭಾನುವಾರ ಹಳೆ ಊರಿನ ಲಾಲ್ ದರ್ವಾಜಾದ ಸಿಂಹವಾಹಿನಿ ಮಹಾಂಕಾಳಿ. ನಡುವೆ ಓಣಿ ಓಣಿಯ ಪೋಚಮ್ಮ, ಎಲ್ಲಮ್ಮ, ಮೈಸಮ್ಮ, ಪೆದ್ದಮ್ಮರಿಗೂ ಅವರವರ ಪಾಲು. 2025ರಲ್ಲಿ ಗೋಲ್ಕೊಂಡದ್ದು ಜೂನ್ 26, ಸಿಕಂದರಾಬಾದಿನದ್ದು ಜುಲೈ 13, ಲಾಲ್ ದರ್ವಾಜಾದ್ದು ಜುಲೈ 20. ಅದರ ಹಿಂದಿನ ವರ್ಷ ಗೋಲ್ಕೊಂಡದ ಬೋನವೇ ಜುಲೈ 7ಕ್ಕೆ ಇತ್ತು. ಪ್ರವಾಸಿಗರು ‘ಅಚಾನಕ್ಕಾಗಿ ಸಿಕ್ಕಿತು’ ಎನ್ನುವುದಕ್ಕೆ ಕಾರಣ ಇಷ್ಟೇ, ತಾರೀಖು ವರ್ಷ ವರ್ಷ ಜಾರುತ್ತದೆ. ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ತೆಲುಗರ ಆಷಾಢವೂ ನಮ್ಮ ಆಷಾಢವೂ ಒಂದೇ ದಿನ ಹುಟ್ಟುತ್ತವೆ.

ಆಷಾಢದಲ್ಲಿ ನಾವು ಮದುವೆ ಇಡುವುದಿಲ್ಲ, ಹೊಸ ಗಾಡಿ ಕೊಳ್ಳುವುದಿಲ್ಲ. ಹೊಸದಾಗಿ ಮದುವೆಯಾದವಳನ್ನು ತವರಿಗೆ ಕಳಿಸುತ್ತೇವೆ. ತೆಲಂಗಾಣದವರ ಲೆಕ್ಕದಲ್ಲಿ ಈ ತಿಂಗಳು ಅಮ್ಮನೂ ತವರಿಗೆ ಬರುತ್ತಾಳೆ. ಬೋನ, ಸೀರೆ, ಬಳೆ ಎಲ್ಲ ಮನೆಗೆ ಬಂದ ಮಗಳಿಗೆ ಮಾಡುವ ಉಪಚಾರವೇ. ಅವಳಿಗೆ ಅರ್ಪಿಸುವ ‘ಒಡಿ ಬಿಯ್ಯಂ’ ಎಂದರೆ ಉಡಿಯ ಅಕ್ಕಿ, ಉತ್ತರ ಕರ್ನಾಟಕದ ಉಡಿ ತುಂಬುವುದು, ಮೈಸೂರು ಸೀಮೆಯ ಮಡಿಲಕ್ಕಿ. ಅದೇ ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಸಾಲಿನಲ್ಲಿ ನಿಂತ ಮೈಸೂರಿನವರಿಗೂ ಸಿಕಂದರಾಬಾದಿನ ಸಾಲಿನಲ್ಲಿ ನಿಂತವರಿಗೂ ನಡುವೆ ಇರುವುದು ದೂರವೇ ಹೊರತು ಬೇರೆ ಭೇದ ಕಡಿಮೆ.

ಸಿಕಂದರಾಬಾದಿನ ಗುಡಿಯ ಹುಟ್ಟು ಮಾತ್ರ ಪಕ್ಕಾ ಪ್ರಯಾಣಿಕನ ಕಥೆ. ಸುರಿಟಿ ಅಪ್ಪಯ್ಯ ಎಂಬಾತ ದಂಡಿನಲ್ಲಿ ಡೋಲಿ ಹೊರುವ ಕೆಲಸದಲ್ಲಿದ್ದ. 1813ರಲ್ಲಿ ಅವನ ಪಡೆಗೆ ಉಜ್ಜಯಿನಿಗೆ ವರ್ಗವಾಯಿತು. ಅದೇ ಹೊತ್ತಿಗೆ ಹೈದರಾಬಾದ್-ಸಿಕಂದರಾಬಾದ್ ಅವಳಿ ನಗರದಲ್ಲಿ ಕಾಲರಾ ಹಬ್ಬಿ ಜನ ಸಾಯತೊಡಗಿದರೆಂಬ ಸುದ್ದಿ ಬಂತು. ಪ್ಲೇಗ್ ಎನ್ನುವವರೂ ಇದ್ದಾರೆ. ಊರು ಉಳಿದರೆ ನಿನ್ನನ್ನು ಅಲ್ಲಿ ನೆಲೆಗೊಳಿಸುತ್ತೇನೆಂದು ಅಪ್ಪಯ್ಯ ಉಜ್ಜಯಿನಿಯ ಮಹಾಕಾಳಿಗೆ ಹರಕೆ ಹೊತ್ತ. 1815ರಲ್ಲಿ ಮರಳಿ ಬಂದು ಮರದ ಮೂರ್ತಿ ನಿಲ್ಲಿಸಿದ. ಆ ಹರಕೆಯ ಹಬ್ಬವನ್ನು 2020ರಲ್ಲಿ ಇನ್ನೊಂದು ಪಿಡುಗು ಮನೆಯೊಳಗೆ ಕೂರಿಸಿತು. ಗುಡಿಯಲ್ಲಿ ಪೂಜಾರಿಗಳಷ್ಟೇ, ಭಕ್ತರ ಬೋನ ಅವರವರ ಮನೆಯಲ್ಲೇ. 2014ರಲ್ಲಿ ತೆಲಂಗಾಣ ರಚನೆಯಾದಾಗ ನಾಡಹಬ್ಬದ ಪಟ್ಟ ಸಿಕ್ಕ ಬೋನಾಲಿಗೆ ಬೀದಿ ತಪ್ಪಿದ ವರ್ಷ ಅದು.

ಈಗ ಸೋಮವಾರಕ್ಕೆ ಬರೋಣ. ಹಿಂದಿನ ದಿನದ ನೂಕುನುಗ್ಗಲಿನಲ್ಲಿ ಬಸವಳಿದು ಕ್ಯಾರವಾನಿನಲ್ಲಿ ಮಲಗಿದವರು ಬೆಳಿಗ್ಗೆ ಬೇಗ ಎದ್ದು ಮತ್ತೆ ಗುಡಿಯ ಕಡೆ ನಡೆದರೆ ರಂಗಂ ಸಿಗುತ್ತದೆ. ದೇವಿಗೆ ಮೀಸಲಾದ ಹೆಂಗಸು ಸುಡದ ಹಸಿ ಮಣ್ಣಿನ ಗಡಿಗೆಯ ಮೇಲೆ ನಿಲ್ಲುತ್ತಾಳೆ. ಅವಳ ಬಾಯಿಂದ ಅಮ್ಮ ವರ್ಷದ ಭವಿಷ್ಯ ನುಡಿಯುತ್ತಾಳೆಂಬುದು ನಂಬಿಕೆ. ಮಳೆ ಬಂದೀತೇ, ಬೆಳೆ ಹೇಗೆ, ರೋಗರುಜಿನ ಕಾಡೀತೇ ಎಂದು ಕೇಳುತ್ತಾರೆ. ಮಾಡಿದ ಪೂಜೆ ಮನಸ್ಸಿಗೆ ಬಂತೇ ಎಂದೂ ಕೇಳುತ್ತಾರೆ. ಬಾರದಿದ್ದರೆ ಅಮ್ಮ ಗದರುವುದೂ ಉಂಟು. ಟೀವಿಯವರು ಮೈಕು ಚಾಚಿ ಕಾದಿರುತ್ತಾರೆ, ಮಂತ್ರಿಗಳೂ ಕೈಕಟ್ಟಿ ಕೇಳುತ್ತಾರೆ.

ಕನ್ನಡದ ಓದುಗರಿಗೆ ಇಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮೈಲಾರ ನೆನಪಾಗದೆ ಇರದು. ಅಲ್ಲಿ ಗೊರವಯ್ಯ ಎತ್ತರದ ಬಿಲ್ಲು ಏರಿ ಒಂದೇ ಸಾಲಿನ ಕಾರ್ಣಿಕ ನುಡಿದು ಕೆಳಗೆ ಬೀಳುತ್ತಾನೆ. ಆ ಒಂದು ಸಾಲನ್ನು ರೈತರು ಮಳೆಗೆ ಹೊಂದಿಸುತ್ತಾರೆ, ರಾಜಕಾರಣಿಗಳು ಕುರ್ಚಿಗೆ. ರಂಗಂನಲ್ಲಿ ಒಗಟಿಲ್ಲ, ಸಂಭಾಷಣೆಯಿದೆ. ತವರಿಗೆ ಬಂದ ಮಗಳು ಅಂಗಳದಲ್ಲಿ ನಿಂತು ತಕರಾರು ತೆಗೆಯುವ ಧಾಟಿ ಅದು. ಹೆಣ್ಣಿನ ಬಾಯಲ್ಲಿ, ಹಸಿ ಮಣ್ಣಿನ ಮೇಲೆ ನಿಂತು ಬರುವ ಆ ಮಾತಿಗೆ ಮೈಲಾರದ ಗತ್ತಿಲ್ಲದಿರಬಹುದು, ಸಲುಗೆ ಹೆಚ್ಚು.

ಹಾಗೆ ಸೋಮವಾರಕ್ಕೂ ಉಳಿಯಬೇಕೆಂದರೆ ಒಂದಿಷ್ಟು ಲೋಕಜ್ಞಾನ ಬೇಕು. ಯಾವ ರಸ್ತೆ ಬಂದ್, ಯಾವ ಕಡೆ ತಿರುವು ಎಂದು ಸಂಚಾರ ಪೊಲೀಸರು ಮುಂಚಿತವಾಗಿಯೇ ಪ್ರಕಟಿಸುತ್ತಾರೆ. ಗಾಡಿಯನ್ನು ದೂರದಲ್ಲೇ ಬಿಟ್ಟು ಮೆಟ್ರೊ ಹಿಡಿದು ಬರುವುದು ಜಾಣತನ. ಹಬ್ಬದ ಪ್ರದೇಶದಲ್ಲಿ ಮದ್ಯದಂಗಡಿಗಳಿಗೆ ಬೀಗ ಬೀಳುತ್ತದೆ. ಕೋಳಿ, ಕುರಿಯ ಬಲಿ ಇನ್ನೂ ಇದೆ, ಬದಲಿಗೆ ಕುಂಬಳಕಾಯಿ ಒಡೆಯುವವರೂ ಇದ್ದಾರೆ. ಮಕ್ಕಳನ್ನು ಕರೆತಂದವರಿಗೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಮೊಹರಂ ಹತ್ತಿರ ಬಿದ್ದ ವರ್ಷ ಬ್ಯಾರಿಕೇಡು ಎರಡೆರಡು ಸಲ. 2024ರಲ್ಲಿ ಜುಲೈ 17ರಂದು ದಬೀರ್‌ಪುರದಿಂದ ಚಾದರ್‌ಘಾಟ್‌ವರೆಗೆ ಬೀಬಿ ಕಾ ಆಲಂ ಮೆರವಣಿಗೆ, ನಾಲ್ಕೇ ದಿನಕ್ಕೆ ಸಿಕಂದರಾಬಾದಿನ ಬೋನಾಲು.

ಲಾಲ್ ದರ್ವಾಜಾದ ಬೋನಾಲಿನ ಮರುದಿನದ ಸೋಮವಾರ ತೆಲಂಗಾಣಕ್ಕೇ ಸರ್ಕಾರಿ ರಜೆ. ಅಂದು ಹಳೆ ಊರಿನ ಗುಡಿಗಳಿಂದ ಅಮ್ಮನ ರೂಪವಾಗಿ ಅಲಂಕರಿಸಿದ ಘಟಗಳು ಹೊರಡುತ್ತವೆ. ಹರಿಬೌಲಿಯ ಅಕ್ಕನ್ನ ಮಾದನ್ನ ಗುಡಿಯ ಘಟ ಆನೆಯ ಮೇಲೆ ಬರುತ್ತದೆ. ಗೋಲ್ಕೊಂಡದ ಕೊನೆಯ ಸುಲ್ತಾನ ತಾನಾ ಷಾನ ಮಂತ್ರಿಗಳಾಗಿದ್ದ ಅಣ್ಣತಮ್ಮಂದಿರ ಹೆಸರು ಆ ಗುಡಿಗೆ. ಚಾರ್‌ಮಿನಾರ್ ದಾಟಿ ಮೆರವಣಿಗೆ ನಯಾಪುಲ್ ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ. ಅಲ್ಲಿ ಮೂಸಿಯಲ್ಲಿ ಘಟದ ವಿಸರ್ಜನೆ.

ಈ ನದಿ 1908ರ ಸೆಪ್ಟೆಂಬರ್ 28ರಂದು ಉಕ್ಕಿ ಬಂದು ಸಾವಿರಾರು ಜನರನ್ನು ಕೊಂಡೊಯ್ದಿತ್ತು. ಆಗ ನಿಜಾಮ ಮಹಬೂಬ್ ಅಲಿ ಖಾನ್ ದಿವಾನ ಕಿಶನ್ ಪ್ರಸಾದರ ಮಾತಿನಂತೆ ಲಾಲ್ ದರ್ವಾಜಾದ ಅಮ್ಮನಿಗೆ ಪೂಜೆ ಸಲ್ಲಿಸಿ, ಮೂಸಿಗೆ ಸೀರೆ, ಮುತ್ತು, ಅರಿಸಿನ ಕುಂಕುಮದ ಬಾಗಿನ ಕೊಟ್ಟನೆಂದು ಹಳೆ ಊರಿನವರು ಹೇಳುತ್ತಾರೆ. ದಾಖಲೆಯಲ್ಲಿರುವುದು ಮರುವರ್ಷ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ಹೈದರಾಬಾದಿಗೆ ಕರೆಸಿದ್ದು, ಅವರ ಸಲಹೆಯಂತೆ ಮೇಲ್ದಂಡೆಯಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದದ್ದು. ನಯಾಪುಲ್ ಸೇತುವೆಯ ಮೇಲೆ ಜನರ ನಡುವೆ ನಿಂತ ಬೆಂಗಳೂರಿನ ಪ್ರವಾಸಿಗೆ ಆ ರಾತ್ರಿ ಅಣೆಕಟ್ಟೆಗಳು ಕಾಣುವುದಿಲ್ಲ. ಕಾಣುವುದು ಕಪ್ಪು ನೀರಿಗೆ ಇಳಿಯುತ್ತಿರುವ ಘಟ, ದಡದ ತುಂಬ ಬೇವಿನ ಸೊಪ್ಪು.