ವಿದ್ಯಾರ್ಥಿಗಳಿಗೆ ಮನೆ ಕೊಡುವವರೂ ಇಂಗ್ಲೆಂಡಿನ ಹೊಸ ಕಾಯಿದೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂಬ ಮೂರನೆಯ ಮಾತನ್ನು ಅವರು ಏತಕ್ಕೆ ಸೇರಿಸದೆ ಹೋದರೋ ತಿಳಿಯದು. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳಿಗೆ ಮನೆ ಕೊಡುವವರು ಈ ಮೂರನೆಯ ಮಾತಿನ ಅರ್ಥವನ್ನು ಈಗ ಹೊಸದಾಗಿ ಕಲಿಯಬೇಕಾಗಿದೆ. ೨೦೨೫ನೆಯ ಇಸವಿ ಅಕ್ಟೋಬರ್ ೨೭ರಂದು ಅರಸರ ಸಮ್ಮತಿ ಪಡೆದ ಬಾಡಿಗೆದಾರರ ಹಕ್ಕುಗಳ ಕಾಯಿದೆಯ ಮುಖ್ಯ ವಿಧಿಗಳಿಗೆ ೨೦೨೬ನೆಯ ಮೇ ೧ನ್ನು ಜಾರಿಯ ದಿನವೆಂದು ಅಲ್ಲಿಯ ಸರಕಾರವು ಗೊತ್ತುಪಡಿಸಿತು.

ದೂರದೇಶದ ಕಾಯಿದೆಯ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ನಮ್ಮ ನಾಡಿನ ಮಕ್ಕಳು ವರ್ಷವರ್ಷವೂ ಅಲ್ಲಿಗೆ ಓದಲು ಹೋಗುತ್ತಿರುವರು. ಅಲ್ಲಿಯೇ ನೆಲೆಸಿದ ನಮ್ಮವರಲ್ಲಿ ಮನೆ ಕೊಂಡು ಬಾಡಿಗೆಗೆ ಕೊಟ್ಟವರೂ ಉಂಟು. ಆದಕಾರಣ ಈ ಕಾಯಿದೆಯು ಎರಡು ಕಡೆಯಿಂದಲೂ ನಮ್ಮ ಹೊಸ್ತಿಲಿಗೆ ಬಂದಿದೆ.

ಮೊದಲು ಅಲ್ಲಿಯ ಪದ್ಧತಿಯನ್ನು ತಿಳಿಯಬೇಕು. ವಿದ್ಯಾರ್ಥಿಯು ಸಾಮಾನ್ಯವಾಗಿ ಮೊದಲ ವರ್ಷವನ್ನು ವಿಶ್ವವಿದ್ಯಾಲಯದ ವಸತಿಗೃಹದಲ್ಲಿ ಕಳೆಯುವನು. ಆಮೇಲೆ ನಾಲ್ಕೈದು ಮಂದಿ ಗೆಳೆಯರು ಕೂಡಿ ಊರಿನಲ್ಲಿ ಒಂದು ಮನೆ ಹಿಡಿಯುವರು. ಲೀಡ್ಸಿನ ಹೆಡಿಂಗ್ಲಿ, ಬರ್ಮಿಂಗ್ಹ್ಯಾಮಿನ ಸೆಲಿ ಓಕ್, ನಾಟಿಂಗ್ಹ್ಯಾಮಿನ ಲೆಂಟನ್ ಮುಂತಾದ ಮೊಹಲ್ಲೆಗಳು ಇಂತಹ ಮನೆಗಳಿಗೇ ಹೆಸರಾದವು. ಬೇಸಿಗೆಯಲ್ಲಿ ಹಳಬರು ಹೋಗುವುದು, ಶರತ್ಕಾಲಕ್ಕೆ ಮೊದಲು ಹೊಸಬರು ಬರುವುದು. ಈ ವಾರ್ಷಿಕ ಚಕ್ರದ ಮೇಲೆಯೇ ಮನೆಯ ಯಜಮಾನರ ಲೆಕ್ಕವೆಲ್ಲವೂ ನಿಂತಿತ್ತು. ೧೯೮೮ರ ವಸತಿ ಕಾಯಿದೆಯ ೨೧ನೆಯ ಕಲಮು ಅವರಿಗೆ ದೊಡ್ಡ ಆಸರೆಯಾಗಿತ್ತು. ಆ ಕಲಮಿನ ಪ್ರಕಾರ ಕಾರಣವನ್ನೇ ಹೇಳದೆ ನೋಟೀಸು ಕೊಟ್ಟು ಮನೆಯನ್ನು ಹಿಂದಕ್ಕೆ ಕೇಳಬಹುದಾಗಿತ್ತು.

ಹೊಸ ಕಾಯಿದೆಯು ಈ ಕಲಮನ್ನು ತೆಗೆದುಹಾಕಿದೆ. ಇಂತಿಷ್ಟು ತಿಂಗಳೆಂಬ ಅವಧಿಯ ಕರಾರು ಹೋಗಿ, ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯು ಅದರ ಸ್ಥಾನಕ್ಕೆ ಬರುತ್ತದೆ. ಬಾಡಿಗೆಯವರು ಎರಡು ತಿಂಗಳ ನೋಟೀಸು ಕೊಟ್ಟು ಯಾವಾಗ ಬೇಕಾದರೂ ಹೊರಡಬಹುದು. ಮನೆಯ ಯಜಮಾನನಾದರೋ ಕಾಯಿದೆಯು ಒಪ್ಪುವ ಕಾರಣವನ್ನು ತೋರಿಸಿದಲ್ಲದೆ ಅವರನ್ನು ಬಿಡಿಸಲಾರನು. ಬಾಡಿಗೆಯನ್ನು ವರ್ಷಕ್ಕೆ ಒಂದೇ ಸಾರಿ, ಎರಡು ತಿಂಗಳ ಮುನ್ಸೂಚನೆ ಕೊಟ್ಟು ಏರಿಸಬಹುದು. ಜಾಹೀರು ಮಾಡಿದ ಬಾಡಿಗೆಗಿಂತ ಹೆಚ್ಚಿನ ಸವಾಲು ಕೂಗಿಸುವಂತಿಲ್ಲ. ತಪ್ಪಿದವರಿಗೆ ೭,೦೦೦ ಪೌಂಡುಗಳವರೆಗೂ, ಘೋರವಾದ ಅಥವಾ ಮತ್ತೆ ಮತ್ತೆ ಮಾಡಿದ ತಪ್ಪಿಗೆ ೪೦,೦೦೦ ಪೌಂಡುಗಳವರೆಗೂ ದಂಡವುಂಟು.

ಹಾಗಾದರೆ ವಿದ್ಯಾರ್ಥಿಗಳ ವಾರ್ಷಿಕ ಚಕ್ರದ ಗತಿಯೇನು? ಇದಕ್ಕಾಗಿಯೇ ಕಾಯಿದೆಯಲ್ಲಿ ೪ಎ ಎಂಬ ವಿಶೇಷ ಕಾರಣವೊಂದನ್ನು ಇರಿಸಿರುವರು. ಪೂರ್ಣಕಾಲ ಓದುವವರಿಗೆ ಕೊಟ್ಟ, ಬೇರೆ ಬೇರೆ ಕುಟುಂಬಗಳ ಮೂವರು ಅಥವಾ ಹೆಚ್ಚು ಮಂದಿ ಕೂಡಿ ವಾಸಿಸುವ ಮನೆಯನ್ನು ಜೂನ್ ೧ರಿಂದ ಸೆಪ್ಟೆಂಬರ್ ೩೦ರ ಒಳಗೆ ಮುಗಿಯುವ ನಾಲ್ಕು ತಿಂಗಳ ನೋಟೀಸಿನ ಮೇಲೆ ಹಿಂದಕ್ಕೆ ಪಡೆಯಬಹುದು. ಆದರೆ ಅದನ್ನು ಪುನಃ ವಿದ್ಯಾರ್ಥಿಗಳಿಗೇ ಕೊಡುವ ಉದ್ದೇಶವಿರಬೇಕು. ಈ ಕಾರಣವನ್ನು ಉಪಯೋಗಿಸುವೆನೆಂದು ಬಾಡಿಗೆಯು ಆರಂಭವಾಗುವ ಮೊದಲೇ ಬರವಣಿಗೆಯಲ್ಲಿ ತಿಳಿಸಿರಬೇಕು. ಇನ್ನು ಮುಂದೆ ಮಾಡುವ ಕರಾರು ಮನೆ ಸೇರುವ ದಿನಕ್ಕಿಂತ ಆರು ತಿಂಗಳಿಗೂ ಮುಂಚೆ ಆದದ್ದಾಗಿರಬಾರದು.

ಇಲ್ಲಿಯೇ ಎಚ್ಚರಿಕೆ ಬೇಕು. ಮುಂದಿನ ಬೇಸಿಗೆಯ ಮನೆಗೆ ಹಿಂದಿನ ನವೆಂಬರಿನಲ್ಲಿಯೇ ರುಜು ಹಾಕಿಸುವ ಅಭ್ಯಾಸವಿರುವವರು ಅದನ್ನು ಬಿಡಬೇಕು. ಜುಲೈ ೧ರಂದು ಸೇರುವವರೊಡನೆ ಜನವರಿಗೆ ಮುಂಚೆ ಕರಾರು ಮಾಡಿಕೊಂಡರೆ ೪ಎ ಕೈಬಿಟ್ಟಂತೆಯೇ ಸರಿ. ಜೂನ್ ಕೊನೆಗೆ ಮನೆ ತೆರವಾಗಬೇಕಾದರೆ ಫೆಬ್ರವರಿಯಲ್ಲಿಯೇ ನೋಟೀಸು ಮುಟ್ಟಿಸಬೇಕು. ನೋಟೀಸು ಕೊಟ್ಟ ಮಾತ್ರಕ್ಕೆ ಮನೆ ಬಿಟ್ಟುಕೊಟ್ಟಂತಾಗಲಿಲ್ಲ. ಇರುವವರು ಹೋಗದಿದ್ದರೆ ನ್ಯಾಯಸ್ಥಾನದ ಆಜ್ಞೆಯೇ ಬೇಕು. ಆದುದರಿಂದ ಹಳಬರು ಹೋಗುವ ದಿನವೇ ಹೊಸಬರು ಬರುವ ದಿನವೆಂದು ವಚನ ಕೊಡುವವನು ಬುದ್ಧಿವಂತನಲ್ಲ. ಇನ್ನೊಂದು ತೊಡಕೂ ಉಂಟು. ಐವರು ಒಂದೇ ಕರಾರಿಗೆ ರುಜು ಮಾಡಿದ್ದರೆ ಅವರಲ್ಲಿ ಒಬ್ಬನು ನೋಟೀಸು ಕೊಟ್ಟರೂ ಐವರ ಬಾಡಿಗೆಯೂ ಅದರೊಡನೆ ಮುಗಿದುಹೋಗುವುದು.

ಈ ಕಾಯಿದೆಯಲ್ಲಿ ಒಂದು ಕೊರತೆಯನ್ನು ನಾವು ಕಾಣುತ್ತೇವೆ. ಒಬ್ಬನೋ ಇಬ್ಬರೋ ವಾಸಿಸುವ ಚಿಕ್ಕ ಮನೆಗೆ ೪ಎ ಅನ್ವಯಿಸುವುದಿಲ್ಲ. ಅದರ ಯಜಮಾನನು ಬೇಸಿಗೆಯಲ್ಲಿ ಮನೆ ಬರುವುದೆಂದು ನಂಬಲಾರದೆ, ವಿದ್ಯಾರ್ಥಿಗಳನ್ನು ಬಿಟ್ಟು ನೌಕರಿಯವರನ್ನು ಹುಡುಕಿದರೆ ಆಶ್ಚರ್ಯವೇನು? ವಿಶ್ವವಿದ್ಯಾಲಯದ ವಸತಿಗೃಹಗಳಿಗೂ, ಸರಕಾರವು ಒಪ್ಪಿದ ನಿಯಮಾವಳಿಗೆ ಸೇರಿದ ದೊಡ್ಡ ಖಾಸಗಿ ವಸತಿಗಳಿಗೂ ವಿನಾಯಿತಿ ದೊರೆತಿರುವಾಗ, ಒಂದೇ ಮನೆಯನ್ನು ನಂಬಿದ ಸಾಮಾನ್ಯನಿಗೆ ಅದು ದೊರೆಯದಿರುವುದು ಸಮವಲ್ಲ. ಹೀಗೆಂದು ಕಾಯಿದೆಯೇ ಅನ್ಯಾಯವೆಂದು ಹೇಳಲಾಗದು. ಕಾರಣವಿಲ್ಲದೆ ಬೀದಿಗೆ ಬೀಳುವ ಭಯವಿರುವವನು ಸೋರುವ ಮಾಡಿನ ಮಾತನ್ನೂ ಎತ್ತಲಾರನು. ಆ ಭಯವು ಹೋಗುವುದು ಒಳ್ಳೆಯದೇ.

ನಮ್ಮ ತಂದೆತಾಯಿಗಳೂ ಇದರಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿ ಜಾಮೀನು ನಿಲ್ಲುವ ಬಂಧುಗಳಿಲ್ಲದ ಕಾರಣ, ಪರದೇಶದ ವಿದ್ಯಾರ್ಥಿಗಳಿಂದ ಆರು ತಿಂಗಳ ಅಥವಾ ಇಡೀ ವರ್ಷದ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿಯಿತ್ತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಎಣಿಸಿದ ನಮಗೆ ಇದು ವಿಚಿತ್ರವೆನಿಸಲಿಲ್ಲ. ಹೊಸ ಕಾಯಿದೆಯು ಕರಾರಿಗೆ ಮೊದಲು ಬಾಡಿಗೆ ಪಡೆಯುವುದನ್ನೇ ನಿಷೇಧಿಸಿ, ಕರಾರಾದ ಮೇಲೆಯೂ ಒಂದು ತಿಂಗಳ ಬಾಡಿಗೆಗೆ ಮಿತಿ ಹಾಕಿದೆ. ಠೇವಣಿಯು ೨೦೧೯ರ ಕಾಯಿದೆಯಂತೆ ಸಾಮಾನ್ಯವಾಗಿ ಐದು ವಾರಗಳ ಬಾಡಿಗೆಯನ್ನು ಮೀರಕೂಡದು. ಸಾಲ ಮಾಡಿ ಮಗನನ್ನೋ ಮಗಳನ್ನೋ ಕಳುಹಿಸುವವರಿಗೆ ಇದು ದೊಡ್ಡ ಉಪಕಾರ. ಆದರೆ ಜಾಮೀನನ್ನು ಕೇಳುವುದಕ್ಕೆ ತಡೆಯಿಲ್ಲ. ಮುಂಗಡದ ದಾರಿ ಮುಚ್ಚಿದಾಗ ಜಾಮೀನಿನ ಒತ್ತಾಯವು ಹೆಚ್ಚುವುದು ಸಹಜ. ಹೊರಡುವ ಮುಂಚೆಯೇ ವಿಶ್ವವಿದ್ಯಾಲಯದಿಂದ ಯಾವ ಸಹಾಯ ದೊರೆಯುವುದೆಂದು ವಿಚಾರಿಸಿಕೊಳ್ಳುವುದು ಮೇಲು.

ಅಲ್ಲಿ ಮನೆಯುಳ್ಳ ನಮ್ಮವರಿಗೆ ಹೇಳುವುದು ಇಷ್ಟೇ: ದಿನಗಳ ಲೆಕ್ಕವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿರಿ, ಕೊಡಬೇಕಾದ ಬರವಣಿಗೆಯನ್ನು ಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಿರಿ, ಮಾಡು ಸೋರಿದರೆ ಕೇಳುವ ಮುಂಚೆ ಸರಿಪಡಿಸಿರಿ. ವಾರಾನ್ನ ಕೊಟ್ಟು ಬಡ ಹುಡುಗರನ್ನು ಓದಿಸಿದ ಮನೆಗಳಿದ್ದ ನಾಡು ನಮ್ಮದು. ಅವರಂತೆ ಧರ್ಮಕ್ಕೆ ಕೊಡಬೇಕೆಂದು ಯಾರೂ ಕೇಳುತ್ತಿಲ್ಲ. ಹಣ ಪಡೆದು ಕೊಡುವುದನ್ನಾದರೂ ನ್ಯಾಯವಾಗಿ ಕೊಡಬೇಕೆಂದು ಕಾಯಿದೆಯು ಕೇಳುತ್ತಿದೆ.