ಪುಸ್ತಕ ಕಟ್ಟಿಡುವ ಹಬ್ಬ, ಪುಸ್ತಕ ಬಿಚ್ಚುವ ಹಬ್ಬ

ಪುಸ್ತಕಕ್ಕೆಂದೇ ಹಬ್ಬ ಮಾಡುವ ಜನ ನಾವು. ನವರಾತ್ರಿಯಲ್ಲಿ ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ ಸರಸ್ವತಿ ಪೂಜೆ ಮಾಡುತ್ತೇವೆ. ಪೂಜೆಗಿಟ್ಟ ಮೇಲೆ ವಿಜಯದಶಮಿಯವರೆಗೆ ಅವನ್ನು ಮುಟ್ಟುವಂತಿಲ್ಲ. ಮಕ್ಕಳಿಗಂತೂ ಇದಕ್ಕಿಂತ ಪ್ರಿಯವಾದ ವ್ರತ ಇನ್ನೊಂದಿಲ್ಲ. ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಮೊದಲು ಮಣೆಯ ಮೇಲೆ ತಂದಿಡುವವರು ಅವರೇ!

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಹಬ್ಬವೂ ನಮ್ಮ ನಾಡಿನಲ್ಲಿದೆ. ಜ್ಯೇಷ್ಠ ಶುದ್ಧ ಪಂಚಮಿಯಂದು ದಿಗಂಬರ ಜೈನರು ಆಚರಿಸುವ ಶ್ರುತಪಂಚಮಿ. ಅಂದು ಗ್ರಂಥಗಳನ್ನು ಹೊರತೆಗೆದು, ದೂಳು ಕೊಡವಿ, ಹೊಸ ಬಟ್ಟೆ ಸುತ್ತಿ ಪೂಜಿಸುತ್ತಾರೆ. ಮಳೆಗಾಲದ ಹೊಸ್ತಿಲಲ್ಲಿ ಬರುವ ಈ ಹಬ್ಬದ ಹಿಂದೆ ಒಳ್ಳೆಯ ವಿಜ್ಞಾನವೂ ಇದೆ. ತಾಳೆಗರಿ ಒಣಗಿದರೆ ಪುಡಿಯಾಗುತ್ತದೆ, ತೇವವಾದರೆ ಬೂಷ್ಟು ಹಿಡಿಯುತ್ತದೆ, ಹಾಗೆಯೇ ಬಿಟ್ಟರೆ ಹುಳ ತಿನ್ನುತ್ತದೆ. ನಿಂಬೆಹುಲ್ಲಿನ ಎಣ್ಣೆ ಸವರಿದರೆ ಗರಿ ಮೃದುವಾಗುತ್ತದೆ, ಹುಳವೂ ದೂರವಾಗುತ್ತದೆ. ಗರಿಯಲ್ಲಿ ಕೊರೆದ ಅಕ್ಷರಕ್ಕೆ ಕಾಡಿಗೆ ತೀಡಿದರೆ ಮತ್ತೆ ಓದಲು ಬರುತ್ತದೆ. ವರ್ಷಕ್ಕೊಮ್ಮೆಯಾದರೂ ಕಟ್ಟು ಬಿಚ್ಚಿದವರ ಗ್ರಂಥ ಉಳಿಯಿತು.

ಆದರೆ ಬಿಚ್ಚಿದರಷ್ಟೇ ಸಾಲದು, ಓದಬೇಕು. ಮೂಡಬಿದಿರೆಯ ಬಸದಿಯಲ್ಲಿರುವ ಧವಲಾ ತಾಡವೋಲೆಗಳ ಚರಿತ್ರೆ ಇದಕ್ಕೆ ಸಾಕ್ಷಿ. ಅವು ಇಂದು ಉಳಿದಿರುವುದು ಭಕ್ತಿಯಿಂದಲೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಬಹುಕಾಲ ಅವು ಯಾತ್ರಿಕರ ದರ್ಶನಕ್ಕೆ ಮಾತ್ರ ಸಿಗುತ್ತಿದ್ದವು. ಮೊದಲ ಸಂಪುಟ ಅಚ್ಚಾಗಿ ವಿದ್ವಾಂಸರ ಕೈ ಸೇರಿದ್ದು 1939ರಲ್ಲಿ. ಆಗ ತಿಳಿದ ಸಂಗತಿಯೇನು? 9ನೆಯ ಶತಮಾನದ ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ‘ಅರ್ಧಚ್ಛೇದ’ ಎಂಬ ಲೆಕ್ಕವನ್ನು ಬಳಸಿದ್ದರು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ 1 ಉಳಿಯುತ್ತದೆ ಎಂಬುದೇ ಆ ಲೆಕ್ಕ. 32ನ್ನು ಅರ್ಧ ಮಾಡುತ್ತ ಹೋಗಿ: 16, 8, 4, 2, 1. ಐದು ಸಲ. ಪಿಯುಸಿ ವಿದ್ಯಾರ್ಥಿಗಳು ಇದನ್ನು 2ರ ಆಧಾರದ ಲಾಗರಿದಮ್ ಎಂದು ಕೂಡಲೇ ಗುರುತಿಸುತ್ತಾರೆ. ಜಾನ್ ನೇಪಿಯರ್ ತನ್ನ ಲಾಗರಿದಮ್ ಕೋಷ್ಟಕ ಪ್ರಕಟಿಸಿದ್ದು 1614ರಲ್ಲಿ. ನಮ್ಮ ಓಲೆಯಲ್ಲಿದ್ದ ಲೆಕ್ಕವೋ, ಕೈಮುಗಿಸಿಕೊಳ್ಳುತ್ತ ಬಸದಿಯೊಳಗೇ ಕುಳಿತಿತ್ತು.

ಸಾರ್ವಜನಿಕ ಗ್ರಂಥಾಲಯಗಳಲ್ಲಿ ನಡೆಯುವ ಸಮಾರಂಭಗಳನ್ನು ಕಂಡಾಗಲೆಲ್ಲ ಈ ಎರಡು ಬಗೆಯ ಹಬ್ಬಗಳು ನೆನಪಿಗೆ ಬರುತ್ತವೆ.

ನವೆಂಬರ್ ಬಂತೆಂದರೆ ನಮ್ಮ ಗ್ರಂಥಾಲಯಗಳಿಗೆ ಸುಗ್ಗಿ. 1ರಂದು ರಾಜ್ಯೋತ್ಸವ, 14ರಂದು ಮಕ್ಕಳ ದಿನಾಚರಣೆ, ಅಂದಿನಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಶಾಮಿಯಾನ ಏಳುತ್ತದೆ, ಹತ್ತಿರದ ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು ಜಮಖಾನದ ಮೇಲೆ ಕೂರಿಸುತ್ತಾರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಹಾರ ತುರಾಯಿ. ಪುಸ್ತಕವೇ ಜ್ಞಾನದ ಭಂಡಾರ ಎಂದು ನಾಲ್ವರು ಗಣ್ಯರು ನಾಲ್ಕು ಬಗೆಯಲ್ಲಿ ಹೇಳುತ್ತಾರೆ. ವಂದನಾರ್ಪಣೆಯ ಬಳಿಕ ಮಕ್ಕಳಿಗೆ ಬಿಸ್ಕತ್ತಿನ ಪೊಟ್ಟಣ. ಇಷ್ಟೆಲ್ಲ ನಡೆಯುವಾಗ ಪುಸ್ತಕದ ಬೀರುಗಳಿಗೆ ಬೀಗ! ಕಾರ್ಯಕ್ರಮದ ಗಲಾಟೆಯಲ್ಲಿ ಪುಸ್ತಕ ಕಳೆದೀತೆಂಬ ಭಯ. ಗ್ರಂಥಪಾಲಕರನ್ನು ದೂರುವಂತಿಲ್ಲ, ಲೆಕ್ಕ ಒಪ್ಪಿಸಬೇಕಾದವರು ಅವರೇ ತಾನೆ? ಎಲ್ಲ ಕಡೆಯೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಆದರೆ ಇಂಥ ಸಮಾರಂಭವನ್ನು ನೋಡದ ಓದುಗರೂ ವಿರಳ.

ಮೇಷ್ಟ್ರು ಕಂಡ ಸೂತ್ರ

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1917ರಲ್ಲಿ ಅವರು ಪಾಠ ಹೇಳಲು ಆರಂಭಿಸಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದಾಗ, ಜನರೇ ಬಾರದ ಆ ಗ್ರಂಥಾಲಯದ ಒಂಟಿತನ ತಡೆಯಲಾರದೆ, ತಮ್ಮನ್ನು ಪಾಠಕ್ಕೇ ವಾಪಸು ಕಳಿಸಿರೆಂದು ಕೇಳಿಕೊಂಡಿದ್ದರು. ಮೊದಲು ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬನ್ನಿ, ಆಮೇಲೆ ಮಾತಾಡೋಣ ಎಂಬ ಉತ್ತರ ಬಂತು. ಅಲ್ಲಿ ಅವರು ಕಂಡದ್ದು ಮಕ್ಕಳು, ಕಾರ್ಮಿಕರು, ಗೃಹಿಣಿಯರು ಎಲ್ಲರೂ ನುಗ್ಗಿ ಬರುವ ಗ್ರಂಥಾಲಯಗಳನ್ನು. ಹಿಂದಿರುಗಿದವರು ಮತ್ತೆ ಗಣಿತದತ್ತ ಹೊರಳಲಿಲ್ಲ.

1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು ‘ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ’. ಮೂರನೆಯದು ಅದನ್ನೇ ತಿರುವಿ ಹಾಕಿದ್ದು: ‘ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ’. ಮೇಲ್ನೋಟಕ್ಕೆ ಎರಡೂ ಒಂದೇ ಎನ್ನಿಸುತ್ತದೆ. ಆದರೆ ಕೇಳಿಕೊಂಡು ಬಂದವನಿಗೆ ಪುಸ್ತಕ ಕೊಡುವುದು ಒಂದು ಕೆಲಸ, ಬಾರದೇ ಇರುವವನನ್ನು ಪುಸ್ತಕದ ಬಳಿಗೆ ಕರೆತರುವುದು ಬೇರೆಯೇ ಕೆಲಸ. ಉಪನ್ಯಾಸ, ವಾಚನ, ಪ್ರದರ್ಶನ ಮೊದಲಾದವನ್ನು ರಂಗನಾಥನ್ ಈ ಎರಡನೆಯ ಕೆಲಸಕ್ಕೆ ಸೇರಿಸಿದರು. ಅಂದಮೇಲೆ ಗ್ರಂಥಾಲಯದಲ್ಲಿ ಸಮಾರಂಭ ಹೇಗಾಯಿತೆಂದು ಅಳೆಯಬೇಕಾದ್ದು ಅಂದು ಸೇರಿದ ಜನರಿಂದಲ್ಲ, ಮರುದಿನ ಪುಸ್ತಕ ಕೇಳಿಕೊಂಡು ಬಂದವರಿಂದ. ಈ ಅಳತೆಗೆ ನಿಲ್ಲುವ ಉದಾಹರಣೆಯೊಂದು ಬಹು ದೂರದ ನ್ಯೂಯಾರ್ಕಿನಲ್ಲಿದೆ.

ಜಿರಲೆ, ಇಲಿ ಮತ್ತು ಪಾಯಸ

ಕಳೆದ ಶತಮಾನದ ಎರಡನೆಯ, ಮೂರನೆಯ ದಶಕಗಳಲ್ಲಿ ಪೋರ್ಟೊರಿಕೊ ದ್ವೀಪದಿಂದ ಸಾವಿರಾರು ಬಡ ಕುಟುಂಬಗಳು ಕೆಲಸ ಹುಡುಕಿಕೊಂಡು ನ್ಯೂಯಾರ್ಕಿಗೆ ಬಂದು ಹಾರ್ಲೆಮ್ ಬಡಾವಣೆಯಲ್ಲಿ ನೆಲೆಸಿದವು. ಮನೆಮಾತು ಸ್ಪ್ಯಾನಿಷ್. ಗ್ರಂಥಾಲಯ ಎದುರಿಗೇ ಇದ್ದರೂ ಅದು ಇಂಗ್ಲಿಷಿನವರದು ಎಂಬ ಭಾವನೆ. ನಮ್ಮಲ್ಲೂ ಎಷ್ಟೋ ತಂದೆತಾಯಿ ಲೈಬ್ರರಿಯ ಬಾಗಿಲವರೆಗೆ ಬಂದು, ಒಳಗೆ ಯಾರಾದರೂ ಏನಾದರೂ ಅಂದಾರು ಎಂದು ಹಿಂದಿರುಗುವುದಿಲ್ಲವೇ?

1921ರಲ್ಲಿ ನಗರದ ಸಾರ್ವಜನಿಕ ಗ್ರಂಥಾಲಯದ 135ನೆಯ ಬೀದಿಯ ಶಾಖೆ ಪೂರಾ ಬೆಲ್‌ಪ್ರೇ ಎಂಬ ಪೋರ್ಟೊರಿಕೊದ ತರುಣಿಯನ್ನು ಸಹಾಯಕಿಯಾಗಿ ನೇಮಿಸಿಕೊಂಡಿತು. ಸಹೋದರಿಯ ಮದುವೆಗೆಂದು ನ್ಯೂಯಾರ್ಕಿಗೆ ಬಂದಿದ್ದಾಕೆ ಅಲ್ಲೇ ಉಳಿದಳು. ಮಕ್ಕಳ ವಿಭಾಗದ ಕಪಾಟುಗಳಲ್ಲಿ ಹಲವು ದೇಶಗಳ ಜನಪದ ಕಥೆಗಳಿದ್ದವು. ಆದರೆ ಬಾಲ್ಯದಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಒಂದೂ ಅಲ್ಲಿರಲಿಲ್ಲ. ಹುಡುಕಿ ಸಿಗದಿದ್ದಾಗ ಆಕೆ ಸುಮ್ಮನಾಗಲಿಲ್ಲ. ಕಥಾ ಸಮಯದಲ್ಲಿ ತಾನೇ ಹೇಳತೊಡಗಿದಳು.

ಆಕೆ ಹೇಳಿದ ಹೆಸರಾಂತ ಕಥೆ ಮಾರ್ಟಿನಾ ಎಂಬ ಚೆಲುವೆ ಜಿರಲೆ ಮತ್ತು ಪೆರೆಸ್ ಎಂಬ ಇಲಿಯದು. ಹಲವು ವರರನ್ನು ನಿರಾಕರಿಸಿದ ಮಾರ್ಟಿನಾ ಕೊನೆಗೆ ಪೆರೆಸನನ್ನು ಮದುವೆಯಾಗುತ್ತಾಳೆ. ಕ್ರಿಸ್‌ಮಸ್ಸಿಗೆಂದು ಒಲೆಯ ಮೇಲಿಟ್ಟ ಅಕ್ಕಿಯ ಪಾಯಸದ ರುಚಿ ನೋಡಲು ಹೋಗಿ ಪಾಪ, ಪೆರೆಸ್ ಪಾತ್ರೆಯೊಳಗೆ ಬಿದ್ದು ಸಾಯುತ್ತಾನೆ. ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆ ಕೇಳಿ ಬೆಳೆದವರಿಗೆ ಇದು ಅಪರಿಚಿತವೆನ್ನಿಸದು. 1932ರಲ್ಲಿ ಇದು ಪುಸ್ತಕವಾಯಿತು. ಮೊದಲು ಮಾತಿನಲ್ಲಿ ನಡೆದಾಡಿ ಆಮೇಲೆ ಕಪಾಟು ಸೇರಿದ ಕಥೆ.

1929ರಲ್ಲಿ ಆಕೆಯನ್ನು 115ನೆಯ ಬೀದಿಯ ಶಾಖೆಗೆ ವರ್ಗ ಮಾಡಿದರು. ಅಲ್ಲಿ ಕಥೆಯನ್ನು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಹೇಳತೊಡಗಿದಳು, ಬೊಂಬೆಯಾಟ ಆಡಿಸಿದಳು. ಜನವರಿ 6ರ ‘ಮೂವರು ಅರಸರ ದಿನ’ವನ್ನು ಗ್ರಂಥಾಲಯದಲ್ಲೇ ಆಚರಿಸಲು ಏರ್ಪಾಡು ಮಾಡಿದಳು. ಶಿಶು ಏಸುವನ್ನು ನೋಡಲು ಬರುವ ಅರಸರ ವಾಹನಗಳಿಗೆಂದು ಪೋರ್ಟೊರಿಕೊದ ಮಕ್ಕಳು ಹಿಂದಿನ ರಾತ್ರಿ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿಸಿ ಮಂಚದ ಕೆಳಗಿಡುತ್ತಾರೆ. ಬೆಳಗಾದರೆ ಅಲ್ಲಿ ಉಡುಗೊರೆ. ಊರಿನಲ್ಲೇ ಬಿಟ್ಟು ಬಂದೆವೆಂದುಕೊಂಡಿದ್ದ ಹಬ್ಬವೊಂದು ಪರದೇಶದ ಸರ್ಕಾರಿ ಕಟ್ಟಡದೊಳಗೆ ಎದುರಾದಾಗ ಆ ತಾಯಂದಿರಿಗೆ ಏನನ್ನಿಸಿರಬೇಕು!

ಪೂರಾ ಇಷ್ಟಕ್ಕೇ ನಿಲ್ಲಲಿಲ್ಲ. ಸಂಘ ಸಂಸ್ಥೆಗಳ ಸಭೆಗಳಿಗೆ ತಾನೇ ಹೋಗಿ ಗ್ರಂಥಾಲಯಕ್ಕೆ ಬನ್ನಿರೆಂದು ಕರೆದಳು, ಸ್ಪ್ಯಾನಿಷ್ ಪುಸ್ತಕಗಳನ್ನು ತರಿಸಿದಳು. ಹಬ್ಬಕ್ಕೆ ಬಂದವರ ಕೈಗೆ ಕೊಡಲು ಅವರ ಭಾಷೆಯ ಪುಸ್ತಕ ಸಿದ್ಧವಾಗಿರಬೇಕು ಎಂಬುದು ಆಕೆಗೆ ಗೊತ್ತಿತ್ತು. ಬರಬರುತ್ತ ಆ ಶಾಖೆ ನಗರದ ಸ್ಪ್ಯಾನಿಷ್ ಭಾಷಿಕರ ಸಾಂಸ್ಕೃತಿಕ ಕೇಂದ್ರವೇ ಆಯಿತು. 1996ರಿಂದ ಅಮೆರಿಕದಲ್ಲಿ ಆಕೆಯ ಹೆಸರಿನಲ್ಲಿ ಮಕ್ಕಳ ಸಾಹಿತ್ಯಕ್ಕೆ ಪ್ರಶಸ್ತಿ ಕೊಡುತ್ತಿದ್ದಾರೆ.

ನೆರೆಮನೆಯ ಕೇರಳ, ನಮ್ಮ ಮನೆ

ಅಷ್ಟು ದೂರವೇಕೆ, ಪಕ್ಕದ ಕೇರಳವನ್ನು ನೋಡೋಣ. ಅಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಶಾಲಾ ಮಾಸ್ತರರು 1945ರಲ್ಲಿ ಅಂಬಲಪ್ಪುಳದಲ್ಲಿ 47 ಗ್ರಾಮ ಗ್ರಂಥಾಲಯಗಳನ್ನು ಒಂದುಗೂಡಿಸಿ ಸಂಘ ಕಟ್ಟಿದರು. ಅದು ರಾಜ್ಯವ್ಯಾಪಿ ಚಳವಳಿಯಾಗಿ ಬೆಳೆಯಿತು. ಅವರು ತೀರಿಕೊಂಡದ್ದು 1995ರ ಜೂನ್ 19ರಂದು. ಆ ದಿನವನ್ನು ಈಗ ವಾಚನ ದಿನವಾಗಿ ಆಚರಿಸುತ್ತಾರೆ. ಅಲ್ಲಿನ ಹಳ್ಳಿಯ ಗ್ರಂಥಾಲಯಗಳಿಗೆ ಮಕ್ಕಳದೇ ಆದ ‘ಬಾಲವೇದಿ’, ಹೆಂಗಸರದೇ ಆದ ‘ವನಿತಾವೇದಿ’ ಇರುತ್ತವೆ. ಓಣಂ ಬಂದರೆ ಸ್ಪರ್ಧೆ, ಆಟ, ನಾಟಕ ಏರ್ಪಡಿಸುವುದೂ ಎಷ್ಟೋ ಊರುಗಳಲ್ಲಿ ಗ್ರಂಥಾಲಯದವರೇ. ಊರಿನ ಹಬ್ಬ ಅಲ್ಲಿಂದ ಹೊರಡುವುದರಿಂದ ಗ್ರಂಥಾಲಯ ಯಾರಿಗೂ ಪರಕೀಯವಾಗಿ ಕಾಣುವುದಿಲ್ಲ.

ನಮ್ಮಲ್ಲೇನು ಕಡಿಮೆಯೇ? ಶ್ರಾವಣದಲ್ಲಿ ಚಾವಡಿಯ ಮೇಲೆ ಕುಮಾರವ್ಯಾಸನನ್ನೂ ಜೈಮಿನಿಯನ್ನೂ ಗಮಕಿಗಳು ವಾಚಿಸುತ್ತಿದ್ದಾಗ, ಅಕ್ಷರ ಬಾರದವರೂ ಕಾವ್ಯದ ಓದುಗರೇ ಆಗಿದ್ದರು. 1926ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರೂ ಗೆಳೆಯರ ಗುಂಪಿನವರೂ ನವರಾತ್ರಿಯನ್ನೇ ನಾಡಹಬ್ಬವಾಗಿಸಿದರು.

ಈಗ ಇದಕ್ಕೆ ತಕ್ಕ ಜಾಗವೂ ಇದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ‘ಅರಿವು ಕೇಂದ್ರ’ ಎಂಬ ಹೆಸರು ಬಂತು. ಕೋವಿಡ್ಡಿನಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರ್ 14ರಂದು ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ, ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು.

ತೊಡಕಿರುವುದು ಪಟ್ಟಣಗಳಲ್ಲಿ. ಅಲ್ಲಿ ವಾಚನಾಲಯದ ಕುರ್ಚಿಗಳನ್ನೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣ ತರುಣಿಯರು ಬೆಳಗಿನಿಂದಲೇ ಹಿಡಿದಿರುತ್ತಾರೆ. ಮನೆಯಲ್ಲಿ ಓದಲು ಮೂಲೆಯಿಲ್ಲದವರು ಅವರು. ಅವರ ಕಿವಿಯ ಪಕ್ಕದಲ್ಲಿ ಮೈಕು ಹಚ್ಚಿದರೆ ಅದು ಅನ್ಯಾಯವೇ. ಹಾಗೆಂದು ಮಕ್ಕಳನ್ನು ಹೊರಗಿಟ್ಟರೆ, ಹತ್ತು ವರ್ಷಗಳ ಮೇಲೆ ಅವರೂ ಗ್ರಂಥಾಲಯವೆಂದರೆ ಗೈಡು ಓದುವ ಜಾಗವೆಂದೇ ತಿಳಿದಾರು. ಮೈಕಿಲ್ಲದೆ, ಮರದ ನೆರಳಿನಲ್ಲೋ ವರಾಂಡದಲ್ಲೋ, ಭಾನುವಾರ ಒಂದೂವರೆ ಗಂಟೆ ಸಾಕು. ಹಾರವೂ ಬೇಡ, ಗಣ್ಯರೂ ಬೇಡ. ಮುಖ್ಯವಾಗಿ, ಅಷ್ಟು ಹೊತ್ತು ಬೀರುಗಳ ಬಾಗಿಲು ತೆರೆದಿರಲಿ.

ಏನು ಮಾಡಬಹುದು? ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಒಂದು ಗಾಜಿನ ಲೋಟದ ನೀರಿಗೆ ನಾಲ್ಕೈದು ಹನಿ ಹಾಲು ಬೆರೆಸಿ, ಕತ್ತಲೆಯಲ್ಲಿ ಒಂದು ಬದಿಯಿಂದ ಟಾರ್ಚು ಬಿಡಿ. ಪಕ್ಕದಿಂದ ನೋಡಿದರೆ ತಿಳಿನೀಲಿ, ಎದುರಿನಿಂದ ನೋಡಿದರೆ ಕೆಂಪುಹಳದಿ. ಇದು ರಾಮನ್ ಪರಿಣಾಮವಲ್ಲ, ಬೆಳಕಿನ ಸಾಮಾನ್ಯ ಚದುರುವಿಕೆ ಎಂದು ಸ್ಪಷ್ಟವಾಗಿ ಹೇಳಬೇಕು. (ಭಾಷಣಗಳಲ್ಲಿ ಇವೆರಡನ್ನೂ ಕಲಸಿಬಿಡುತ್ತಾರೆ!) ಆದರೆ 1921ರ ಹಡಗು ಪ್ರಯಾಣದಲ್ಲಿ ಕಡಲೇಕೆ ನೀಲಿ ಎಂದು ರಾಮನ್ ಕೇಳಿಕೊಂಡದ್ದು ಈ ಜಾತಿಯ ಪ್ರಶ್ನೆಯನ್ನೇ. ಲೋಟದ ಪಕ್ಕದಲ್ಲಿ ಅವರ ಜೀವನಚರಿತ್ರೆಯ ಪುಸ್ತಕವಿರಲಿ. ಕೈ ತಾನಾಗಿಯೇ ಅತ್ತ ಹೋಗುತ್ತದೆ.

ಯುಗಾದಿ, ರಂಜಾನ್ ಹತ್ತಿರ ಬಂದ ವರ್ಷ ಇನ್ನೂ ಚೆನ್ನ. ಎರಡಕ್ಕೂ ಚಂದ್ರನೇ ಗಡಿಯಾರ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಸೌರ ವರ್ಷಕ್ಕಿಂತ 11 ದಿನ ಕಡಿಮೆ. ನಮ್ಮ ಪಂಚಾಂಗ ಅಧಿಕಮಾಸ ಸೇರಿಸಿ ಇದನ್ನು ಸರಿದೂಗಿಸುತ್ತದೆ, ಹಿಜರಿ ಪಂಚಾಂಗ ಸೇರಿಸುವುದಿಲ್ಲ. ಆದ್ದರಿಂದಲೇ ಯುಗಾದಿ ಬೇಸಗೆ ಬಿಟ್ಟು ಹೋಗದು, ರಂಜಾನ್ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಎರಡೂ ಮನೆಯ ಮಕ್ಕಳು ಒಂದೇ ಜಮಖಾನದ ಮೇಲೆ ಕುಳಿತು ಈ ಲೆಕ್ಕ ಹಾಕಲು ಊರಿನಲ್ಲಿ ಶಾಲೆ ಬಿಟ್ಟರೆ ಇರುವ ಜಾಗ ಗ್ರಂಥಾಲಯವೊಂದೇ. ಹಾಗೆಯೇ ಲಂಬಾಣಿ, ತುಳು, ಕೊಂಕಣಿ, ಉರ್ದು, ತೆಲುಗು ಮನೆಮಾತಿನ ಅಜ್ಜಿಯೊಬ್ಬರನ್ನು ಕರೆದು ಕಥೆ ಹೇಳಿಸಿ. ಮೊಮ್ಮಗಳೇ ಅದನ್ನು ಕನ್ನಡದಲ್ಲಿ ಬರೆದು ಕಪಾಟಿಗೆ ಸೇರಿಸಲಿ.

ಪಾಲಕರಿಗೆ ಒಂದು ಮಾತು. ಇದರಿಂದ ಎಷ್ಟು ಅಂಕ ಬರುತ್ತದೆ ಎಂದು ದಯವಿಟ್ಟು ಕೇಳಬೇಡಿ. ಪಟ್ಟಣದಲ್ಲಿ ಸ್ವಂತ ಮನೆಯಿದ್ದರೆ ನಿಮ್ಮ ಆಸ್ತಿ ತೆರಿಗೆಯ ರಸೀತಿ ತೆಗೆದು ನೋಡಿ. ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿಯಂತೆ ಗ್ರಂಥಾಲಯ ಕರವನ್ನು ನೀವು ಆಗಲೇ ಕಟ್ಟಿರುತ್ತೀರಿ. ಕರ ಕಟ್ಟಿದ ಮೇಲೆ ಒಳಗೆ ಹೋಗಲು ಸಂಕೋಚವೇಕೆ? ಮುಂದಿನ ಭಾನುವಾರ ಮಗುವನ್ನು ಕರೆದುಕೊಂಡು ಹೋಗಿ, ಸದಸ್ಯತ್ವದ ಅರ್ಜಿ ತುಂಬಿ. ಸಪ್ತಾಹದಲ್ಲಿ ಒಂದು ಸಂಜೆ ಕಥೆ ಓದಲು ತಾವೇ ಸಿದ್ಧ ಎಂದು ಗ್ರಂಥಪಾಲಕರಿಗೆ ಹೇಳಿ ಬನ್ನಿ. ಪುಸ್ತಕ ಕಳೆದೀತೆಂಬ ಅವರ ಭಯಕ್ಕೂ ಉಪಾಯವುಂಟು: ಎಸ್ಸೆಸ್ಸೆಲ್ಸಿ ಓದುವ ಇಬ್ಬರು ಹುಡುಗಿಯರನ್ನು ಬೀರಿನ ಪಕ್ಕ ಒಂದು ರಿಜಿಸ್ಟರು ಕೊಟ್ಟು ಕೂರಿಸಿದರೆ ಸಾಕು. ಅವರ ಕಣ್ಣು ತಪ್ಪಿಸಿ ಒಂದು ಹಾಳೆಯೂ ಹೊರಗೆ ಹೋಗದು.